ಹುಣಸೆ ಬೀಜದ ಲೆಕ್ಕ

ಆ ಹೆಂಗಸು ಐದು ನಿಮಿಷ ಬಿಡುವಿಲ್ಲದೆ ಮಾತಾಡಿದಳು. ಕೈ ಎತ್ತಿ ಊರಾಚೆಯ ಹೊಲಗಳ ಕಡೆ ತೋರಿಸಿದಳು. ಪಕ್ಕದಲ್ಲಿ ನಿಂತಿದ್ದ ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ ಹಲ್ಲು ತೋರಿಸಿದಳು. ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಯಿಂದ ಒಂದು ಸೌಟು ಬೇಳೆ ತಂದು ಮುಖದ ಮುಂದೆ ಹಿಡಿದಳು. ಮಾತೆಲ್ಲ ತೆಲುಗು. ಲೂನಾ ಮೊಪೆಡ್ಡಿನ ಸೀಟಿನ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತಿದ್ದ ಹನ್ನೊಂದು ವರ್ಷದ ಹುಡುಗ ಅಷ್ಟನ್ನೂ ಕೇಳಿಸಿಕೊಂಡು ಕನ್ನಡಕ್ಕೆ ತಂದ:

"ಐತಂತೆ ಅಕ್ಕಾ."

ನಮೂನೆಯಲ್ಲಿದ್ದ ಪ್ರಶ್ನೆ ಇದು: ಕುಡಿಯುವ ನೀರಿನ ಮೂಲ 1.6 ಕಿಲೋಮೀಟರಿನೊಳಗೆ ಇದೆಯೇ? ಸರ್ವೆಗೆ ಬಂದಿದ್ದ ಯುವತಿ 'ಹೌದು' ಎಂಬುದರ ಮುಂದೆ ಟಿಕ್ ಹಾಕಿ ಹಾಳೆ ತಿರುವಿದಳು. ಆ ಬೆಳಗ್ಗೆ ಅದು ಒಂಬತ್ತನೆಯ ಮನೆ. ಸಂಜೆಯೊಳಗೆ ಇಪ್ಪತ್ತು ಮುಗಿಸಬೇಕಿತ್ತು.

ಅದು 1989ರ ಬೇಸಿಗೆ, ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ತುಮಕೂರು ಜಿಲ್ಲೆಯದೇ ತಾಲ್ಲೂಕಾದರೂ ಮೂರು ಕಡೆ ಆಂಧ್ರ. ಮಧುಗಿರಿ ದಾಟಿದ ಬಸ್ಸು ಒಂದಿಷ್ಟು ದೂರ ಆಂಧ್ರದ ನೆಲದಲ್ಲಿ ಓಡಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಆಕೆಯೋ ತಿಪಟೂರಿನ ತೆಂಗಿನ ಸೀಮೆಯವಳು, ಬಿ.ಎ. ಮುಗಿಸಿದ್ದಳು, ಇಪ್ಪತ್ಮೂರು ವರ್ಷ. ಒಂದೇ ಜಿಲ್ಲೆಯೊಳಗೆ ತನ್ನ ಭಾಷೆ ನಡೆಯದ ಊರುಗಳಿವೆ ಎಂಬುದು ಗೊತ್ತಾಗಿದ್ದೇ ಆ ನೌಕರಿಯಲ್ಲಿ. ಸೇರಿಕೊಂಡಿದ್ದು ಒಂದು ಸ್ವಯಂಸೇವಾ ಸಂಸ್ಥೆಗೆ. ಹೆಸರು ಇಲ್ಲಿ ಬೇಡ, ಅದೀಗ ಇಲ್ಲ. ಕೆಲಸಕ್ಕೆ ಇಟ್ಟಿದ್ದ ಹೆಸರು 'ಬೇಸ್‌ಲೈನ್ ಸರ್ವೆ'. ಊರವರು ಇಟ್ಟ ಹೆಸರು 'ಬರ್ಕೊಂಡು ಹೋಗೋದು'. ಆರೋಗ್ಯ ಇಲಾಖೆಯವರು ಬರ್ಕೊಂಡು ಹೋಗಿದ್ದರು, ಮೇಷ್ಟ್ರು ಬರ್ಕೊಂಡು ಹೋಗಿದ್ದರು, ಬ್ಯಾಂಕಿನವರು ಬರ್ಕೊಂಡು ಹೋಗಿದ್ದರು. ಬರೆದುಕೊಂಡ ಯಾರೂ ಅದನ್ನು ತಿರುಗಿ ಬಂದು ಓದಿ ಹೇಳಿರಲಿಲ್ಲ.

ನೀರಿನ ಆ ಪ್ರಶ್ನೆ ಸಂಸ್ಥೆಯವರು ಕಟ್ಟಿದ್ದಲ್ಲ. ಇನ್ನೂರೈವತ್ತು ಜನಕ್ಕೆ ಒಂದು ಕೈಪಂಪು, ಅದೂ 1.6 ಕಿಲೋಮೀಟರಿನೊಳಗೆ ಇರಬೇಕು ಎಂಬುದು ಆ ಕಾಲದ ಸರ್ಕಾರಿ ಮಾನದಂಡ. ಕರ್ನಾಟಕದಲ್ಲಿ ಆ ಮಾನದಂಡಕ್ಕೆ ಜೀವ ತುಂಬಿದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ಹಿಡಿದ ಮೇಲೆ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಸಿ, ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಮೀಸಲಿಟ್ಟಿದ್ದೂ ಅವರ ಕಾಲದ್ದೇ. ಆಕೆ ಪಾವಗಡಕ್ಕೆ ಬರುವ ಹೊತ್ತಿಗೆ ನಜೀರ್ ಸಾಬ್ ತೀರಿಕೊಂಡು ಆರು ತಿಂಗಳಾಗಿತ್ತು. ಮಂಡಲ ಪಂಚಾಯತಿ ಕಚೇರಿಯಲ್ಲಿ ಅವರ ಫೋಟೋಗೆ ಹಾಕಿದ ಹಾರ ಒಣಗಿ ನೇತಾಡುತ್ತಿತ್ತು. ಊರ ನಡುವೆ ಇಂಡಿಯಾ ಮಾರ್ಕ್ 2 ಪಂಪು ಇತ್ತು, ಹೊಡೆದರೆ ನೀರೂ ಬರುತ್ತಿತ್ತು. ಹಾಗಾಗಿ 'ಐತಂತೆ' ಎಂದ ಹುಡುಗ ಸುಳ್ಳು ಹೇಳಿರಲಿಲ್ಲ.

ಬಿಟ್ಟು ಹೋದದ್ದು ಏನು ಎಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ತೆಲುಗು ಬಲ್ಲ ಸಹೋದ್ಯೋಗಿಯೊಬ್ಬಳನ್ನು ಕರೆದುಕೊಂಡು ಅದೇ ಮನೆಗೆ ಹೋದಾಗ ಆ ಹೆಂಗಸು ಮತ್ತೆ ಸೌಟು ತಂದಳು. "ಪಪ್ಪು ಉಡಕದು" ಎಂದಳು. ಬೇಳೆ ಬೇಯುವುದಿಲ್ಲ. ಪಂಪಿನ ನೀರಿನಲ್ಲಿ ಎರಡು ಗಂಟೆ ಕುದಿಸಿದರೂ ತೊಗರಿಬೇಳೆ ಕಲ್ಲಿನ ಹಾಗೆ ಉಳಿಯುತ್ತದೆ, ಸೌದೆ ಖರ್ಚು. ಅದಕ್ಕೆ ಅಡುಗೆಗೆ ಬೇಕಾದ ನೀರು ಒಬ್ಬ ರೈತನ ಹೊಲದ ತೆರೆದ ಬಾವಿಯಿಂದ ತರಬೇಕು. ಆ ಬಾವಿಗೆ ಎಲ್ಲರೂ ಕೊಡ ಇಳಿಬಿಡುವಂತಿಲ್ಲ, ಇವರ ಕೇರಿಯವರು ಯಾರಾದರೂ ಸೇದಿ ಹೊಯ್ಯುವವರೆಗೆ ಕಾದು ನಿಲ್ಲಬೇಕು. ಇಷ್ಟನ್ನು ಮೊದಲ ಸಲವೇ ಹೇಳಿದ್ದಳಂತೆ. ಇಷ್ಟಕ್ಕೂ ಹೌದು-ಇಲ್ಲ ಎಂಬ ಎರಡು ಚೌಕದಲ್ಲಿ ಜಾಗವಿರಲಿಲ್ಲ. ಹುಡುಗನಿಗೆ ತೆಲುಗೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ನಮೂನೆಯ ಭಾಷೆಯೂ ಬರುತ್ತಿತ್ತು ಎಂದು ಆಕೆ ಈಗ ನಗುತ್ತಾಳೆ. ಚೌಕಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅಳೆದು ಕೊಟ್ಟಿದ್ದ.

ಈ ಸೀಮೆಗೆ ಸರ್ವೆ ಹೊಸತೇನಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಸಿರಾ, ಮಧುಗಿರಿಗೂ ಬಂದುಹೋದ. ಮಣ್ಣು ಯಾವುದು, ಬಿತ್ತನೆಗೆ ಎಷ್ಟು ಸೇರು, ಸಂತೆಯಲ್ಲಿ ಏನು ದರ ಎಂದೆಲ್ಲ ಕೇಳಿ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಆತನೂ ದುಭಾಷಿಗಳನ್ನು ನಂಬಿಯೇ ನಡೆದವನು. ಅವನ ಪುಟಗಳನ್ನು ತಿರುವುವಾಗೆಲ್ಲ ಆಕೆಗೆ ಒಂದು ಸಂಶಯ ಬರುತ್ತದೆ: ಇದರಲ್ಲಿ ಎಷ್ಟು ಸಾಲು 'ಐತಂತೆ'ಗಳಿವೆಯೋ.

ನಮೂನೆ ಹದಿನಾಲ್ಕು ಪುಟ ಇತ್ತು. ಸೈಕ್ಲೋಸ್ಟೈಲ್ ಮಾಡಿದ್ದು, ಬೆವರಿದ ಕೈ ತಗುಲಿದರೆ ಶಾಯಿ ಹರಡುತ್ತಿತ್ತು. ಜಮೀನು ಎಷ್ಟು ಎಂದರೆ ಜನ ಕಡಿಮೆ ಹೇಳುವರು. ಬಡವರ ಪಡಿತರದ ಹಸಿರು ಕಾರ್ಡು ಹೋಗುತ್ತದೆ ಎಂಬ ಭಯ. ಸಾಲ ಎಷ್ಟು ಎಂದರೆ ಹೆಚ್ಚು ಹೇಳುವರು. ಮನ್ನಾ ಆದರೂ ಆದೀತು ಎಂಬ ಆಸೆ. ಕುರಿ ಎಷ್ಟು ಎಂದರೆ ಉತ್ತರವೇ ಇಲ್ಲ.

"ಇದಾವೆ ಬಿಡಮ್ಮ, ದೇವ್ರು ಕೊಟ್ಟಷ್ಟು."

ಕುರಿ ಎಣಿಸಿದರೆ ದೃಷ್ಟಿ ತಾಕುತ್ತದೆ ಎಂದು ಆಮೇಲೆ ಯಾರೋ ಹೇಳಿದರು. 'ಸಾಲದ ಮೂಲ' ಎಂಬ ಕಡೆ ಮೂರು ಆಯ್ಕೆ: ಬ್ಯಾಂಕು, ಸಹಕಾರ ಸಂಘ, ಇತರೆ. ಊರಿಗೆ ಊರೇ 'ಇತರೆ'ಯೊಳಗೆ ಇತ್ತು. ಬೀಜದ ಕಡಲೆಕಾಯಿ ಕೊಟ್ಟು ಸುಗ್ಗಿಯಲ್ಲಿ ಒಂದೂವರೆಯಷ್ಟು ಅಳೆಸಿಕೊಳ್ಳುವ ಮಂಡಿಯವನು, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಹಿಡಿಯುವ ಮುದುಕಿ, ಮದುವೆಗೆ ಕೈಗಡ ಕೊಟ್ಟ ಅಳಿಯ, ಎಲ್ಲರೂ ಅಲ್ಲೇ. ಕಚೇರಿಯಲ್ಲಿ ಕೂತು ಮೊತ್ತ ಹಾಕಿದಾಗ 'ಇತರೆ' ದೊಡ್ಡದಾಗಿ ಬಂತು. ದೊಡ್ಡದಾಗಿ ಬಂದದ್ದನ್ನು ಬಿಡಿಸಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ನಮೂನೆಯಲ್ಲಿ ಅದಕ್ಕೆ ಮುಂದಿನ ಪ್ರಶ್ನೆ ಇರಲಿಲ್ಲ.

ತನ್ನ ತಪ್ಪನ್ನೂ ಆಕೆ ಮುಚ್ಚಿಡುವುದಿಲ್ಲ. ಲೂನಾ ಹೋಗುವ ದಾರಿ ಇರುವ ಮನೆಗಳನ್ನೇ ಮೊದಲು ಮುಗಿಸುತ್ತಿದ್ದಳು. ಹಗಲು ಹೊತ್ತಿನಲ್ಲಿ ಹೆಂಗಸರು ಕೂಲಿಗೆ ಹೋಗಿರುತ್ತಿದ್ದರು. ಅರಳಿಕಟ್ಟೆಯ ಮೇಲೆ ಕೂತ ಗಂಡಸರು ತಮ್ಮ ಮನೆಯದಲ್ಲದೆ ಪಕ್ಕದ ಮನೆಯದನ್ನೂ ಹೇಳಿ ಬರೆಸುತ್ತಿದ್ದರು. ಕಟ್ಟೆಯ ಮೇಲೆ ಗಂಟೆಗೆ ಐದು ನಮೂನೆ ತುಂಬಬಹುದಿತ್ತು, ಕೇರಿಯಲ್ಲಿ ಒಂದು ತುಂಬುವುದೇ ಕಷ್ಟ. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ 1983ರಲ್ಲೇ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಒಂದೊಂದಾಗಿ ಬರೆದಿದ್ದರು. ಹೊರಗಿನಿಂದ ಹಳ್ಳಿ ನೋಡಲು ಬಂದವರು ಟಾರು ರಸ್ತೆ ಬಿಟ್ಟು ಒಳಗೆ ಹೋಗುವುದಿಲ್ಲ, ಮಳೆಗಾಲದಲ್ಲಿ ಬರುವುದಿಲ್ಲ, ಮುಖಂಡರನ್ನೂ ಗಂಡಸರನ್ನೂ ಬಿಟ್ಟು ಬೇರೆಯವರ ಜೊತೆ ಮಾತಾಡುವುದಿಲ್ಲ. ಅದನ್ನು ಓದಿದಾಗ ಆಕೆಗೆ ತನ್ನ ಲೂನಾದ ಮೇಲೆಯೇ ಯಾರೋ ಬರೆದ ಹಾಗೆ ಅನ್ನಿಸಿತಂತೆ.

ಚೇಂಬರ್ಸ್ ಅದೇ 1989ರಲ್ಲಿ ಹೈದರಾಬಾದಿಗೆ ಬಂದು ಎರಡು ವರ್ಷ ಇದ್ದರು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು ಆ ಹೊತ್ತಿಗೆ ಹೊಸ ಬಗೆಯ ಪ್ರಯೋಗಕ್ಕೆ ಇಳಿದಿದ್ದರು. ಕಾಗದ ಬದಿಗಿಟ್ಟು ನೆಲದ ಮೇಲೆ ಊರವರ ಕೈಯಲ್ಲೇ ಊರಿನ ನಕ್ಷೆ ಬರೆಸುವುದು, ಊರವರ ಜೊತೆ ಊರ ಗಡಿಯವರೆಗೆ ನಡೆಯುವುದು, ಬೀಜ-ಕಡ್ಡಿಗಳಲ್ಲಿ ಲೆಕ್ಕ ಹಾಕಿಸುವುದು. ಇದರ ಇಂಗ್ಲಿಷ್ ಹೆಸರು ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್, ಕಾರ್ಯಕರ್ತರ ಬಾಯಲ್ಲಿ 'ಪಿಆರ್‌ಎ'. ಸಹಭಾಗಿತ್ವ ಎಂಬ ಉದ್ದದ ಕನ್ನಡ ಪದ ವರದಿಗಳಲ್ಲಿ ಮಾತ್ರ ಬರುತ್ತಿತ್ತು. ಆಕೆಯ ಸಂಸ್ಥೆಯಿಂದಲೂ ಮೂವರನ್ನು ತರಬೇತಿಗೆ ಕಳಿಸಿದರು. ತಿರುಗಿ ಬಂದಾಗ ಚೀಲದಲ್ಲಿ ನಾಲ್ಕು ಬಣ್ಣದ ರಂಗೋಲಿ ಪುಡಿ, ಒಂದು ಸೇರು ಹುಣಸೆ ಬೀಜ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಯಾವೂರ ಹಬ್ಬ ಎಂದು ಕೇಳಿದ್ದಳು.

ಮೊದಲ ನಕ್ಷೆ ದೇವಸ್ಥಾನದ ಮುಂದೆ, ಗಂಡಸರದು. ಸೀಮೆಸುಣ್ಣದಲ್ಲಿ ಮೊದಲು ಗುಡಿ ಬರೆದರು, ಆಮೇಲೆ ರಸ್ತೆ, ಶಾಲೆ, ಕೆರೆ ಏರಿ, ಪ್ರತಿಯೊಬ್ಬರ ಕೊಳವೆಬಾವಿ. ಯಾರ ಬೋರು ಬತ್ತಿದೆ, ಯಾರದು ಇನ್ನೂ ಹೊಡೆಯುತ್ತದೆ ಎಂಬುದರ ಮೇಲೆ ಅರ್ಧ ಗಂಟೆ ಜಗಳ. ದಲಿತರ ಕೇರಿ ನಕ್ಷೆಯ ಮೂಲೆಯಲ್ಲಿ ಒಂದು ಚೌಕ, ಒಳಗೆ ಮನೆಗಳೇ ಇಲ್ಲ. ನಕ್ಷೆ ಮುಗಿಯುವ ಹೊತ್ತಿಗೆ ಮಂಡಲ ಪಂಚಾಯತಿ ಸದಸ್ಯರೊಬ್ಬರು ಬಂದು, ಕೆರೆಯನ್ನು ಚಪ್ಪಲಿಯಲ್ಲೇ ದಾಟಿ, ಶಾಲೆಯ ಪಕ್ಕದ ಮನೆಯ ಮೇಲೆ ನಿಂತು, "ಏನಮ್ಮ ಇದು, ಮಕ್ಕಳಾಟ" ಅಂದರು. ಆಕೆ ಏನೂ ಹೇಳಲಿಲ್ಲ. ಸೀಮೆಸುಣ್ಣ ಹಿಡಿದಿದ್ದ ಮುದುಕನೇ ಹೇಳಿದ: "ಸ್ವಲ್ಪ ಸರೀರಿ ಗೌಡ್ರೆ, ನಮ್ ಮನೆ ಮೇಲೆ ನಿಂತಿದೀರಿ."

ಎರಡನೆಯ ನಕ್ಷೆ ಕೇರಿಯಲ್ಲಿ, ರಾತ್ರಿ ಊಟ ಮುಗಿದ ಮೇಲೆ, ಲಾಟೀನಿನ ಬೆಳಕಲ್ಲಿ. ಹೆಂಗಸರು ಚಾಕು ಹಿಡಿದ ಹಾಗೆ ಸೀಮೆಸುಣ್ಣ ಹಿಡಿದರು, ಕೈಗೆ ಒಗ್ಗಲಿಲ್ಲ. ರಂಗೋಲಿ ಪುಡಿ ಕೈಗೆ ಬಂದದ್ದೇ ತಡ, ಬೆರಳ ಸಂದಿಯಿಂದ ಗೆರೆ ತಾನಾಗಿ ಇಳಿಯಿತು. ಇವರ ನಕ್ಷೆಯಲ್ಲಿ ಗುಡಿ ಕೊನೆಗೆ ಬಂತು. ಮೊದಲು ಬಂದದ್ದು ದಾರಿಗಳು: ಹೊಲದ ಬಾವಿಗೆ ಹೋಗುವ ದಾರಿ, ಸೌದೆಯ ದಾರಿ, ಕೂಲಿಗೆ ಕರೆಯುವವರ ಮನೆಯ ದಾರಿ. ಸೂಲಗಿತ್ತಿಯ ಮನೆಗೆ ಅರಿಶಿನ ಪುಡಿ. ಸಾರಾಯಿ ಅಂಗಡಿಗೆ ಇದ್ದಿಲು. ಕೆರೆಯಂಗಳದ ಒಂದು ಮೂಲೆಗೆ ಒಬ್ಬಳು ಹಿಡಿ ತುಂಬ ಹಸಿರು ಪುಡಿ ಸುರಿದು ಸುಮ್ಮನಾದಳು.

ಆಮೇಲೆ ಹುಣಸೆ ಬೀಜ. ಒಬ್ಬೊಬ್ಬರಿಗೆ ಹತ್ತು. ಊರಿಗೆ ಏನು ಬೇಕೋ ಅದರ ಮೇಲೆ ಇಡಬೇಕು, ಹೆಚ್ಚು ಬೇಕಾದ್ದಕ್ಕೆ ಹೆಚ್ಚು ಬೀಜ. ಗಂಡಸರ ಬೀಜಗಳು ಬೆಳಗ್ಗೆಯೇ ಬಸ್ಸಿಗೆ, ಸಮುದಾಯ ಭವನಕ್ಕೆ, ಗುಡಿಯ ಕಾಂಪೌಂಡಿಗೆ ಹಂಚಿಹೋಗಿದ್ದವು. ಹೆಂಗಸರು ನೀರಿಗೆ ಇಡುತ್ತಾರೆ ಎಂದೇ ಆಕೆ ಎಣಿಸಿದ್ದಳು. ವರದಿಯ ಮೊದಲ ವಾಕ್ಯವನ್ನೂ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು. ನೀರಿಗೆ ಬೀಜ ಬಿದ್ದವು ನಿಜ. ಆದರೆ ಒಬ್ಬ ಮುದುಕಿ ಎದ್ದು ಬಂದು ಹತ್ತಕ್ಕೆ ಹತ್ತನ್ನೂ ಆ ಹಸಿರು ಮೂಲೆಯ ಮೇಲೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಯಾರೂ ಬಾಯಿ ಬಿಡುತ್ತಿಲ್ಲ, ಕಿರಿಯ ಸೊಸೆಯಂದಿರು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಾರೆ. ಏನದು ಎಂದು ಆಕೆ ಮೂರು ಸಲ ಕೇಳಿದಳು.

ಅದು ಕೆರೆಯಂಗಳದ ಜಾಲಿ ಪೊದೆ. ಬಯಲು ಸೀಮೆಯಲ್ಲಿ ಎಲ್ಲಿ ನೋಡಿದರೂ ಬೆಳೆದುಕೊಂಡಿರುವ ಬಳ್ಳಾರಿ ಜಾಲಿ. ಊರ ಹೆಂಗಸರೆಲ್ಲ ನಸುಕಿನಲ್ಲಿ ಬಹಿರ್ದೆಸೆಗೆ ಹೋಗುತ್ತಿದ್ದದ್ದು ಅದರ ಮರೆಗೆ. ಈಗ ಅದನ್ನು ಇದ್ದಿಲು ಸುಡುವವರಿಗೆ ಹರಾಜು ಹಾಕಿದ್ದರು. ಪಂಚಾಯತಿಗೆ ಅದೊಂದು ಆದಾಯ, ಊರವರ ಪೈಕಿ ಹತ್ತಾರು ಮಂದಿಗೆ ಕೂಲಿ. ಕಡಿಯುತ್ತ ಕಡಿಯುತ್ತ ಒಂದು ಮೂಲೆ ಉಳಿದಿತ್ತು. ಆ ಮೂಲೆಯೂ ಹೋದರೆ ಕತ್ತಲಾಗುವ ತನಕ ತಡೆದುಕೊಂಡಿರಬೇಕು. ಕೆಲವರು ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಹದಿನಾಲ್ಕು ಪುಟದ ನಮೂನೆಯಲ್ಲಿ 'ಶೌಚಾಲಯ ಇದೆಯೇ?' ಎಂಬ ಪ್ರಶ್ನೆ ಇತ್ತು. ಎಲ್ಲ ಮನೆಗೂ 'ಇಲ್ಲ'. 'ಬೇಕೇ?' ಎಂಬುದಕ್ಕೆ ಕಟ್ಟೆಯ ಮೇಲಿನ ಗಂಡಸರು 'ಬೇಡ' ಎಂದು ಬರೆಸಿದ್ದರು. ಹೆಂಗಸರು ಕೇಳುತ್ತಿದ್ದದ್ದು ಕಟ್ಟಡವನ್ನೂ ಅಲ್ಲ. ಇರುವ ಒಂದು ಪೊದೆಯನ್ನು ಕಡಿಯಬೇಡಿ ಎಂದು. ಕಟ್ಟಿಕೊಡಲು ಅನುದಾನ ಇತ್ತು, ಕಡಿಯದೇ ಇರುವುದಕ್ಕೆ ಯಾವ ಯೋಜನೆಯಲ್ಲೂ ಲೆಕ್ಕಶೀರ್ಷಿಕೆ ಇರಲಿಲ್ಲ.

ಮುಂದಿನದು ಗೆಲುವಿನ ಕತೆಯೇನೂ ಅಲ್ಲ. ಮಂಡಲ ಪಂಚಾಯತಿ ಸಭೆಯಲ್ಲಿ ಇಬ್ಬರು ಮಹಿಳಾ ಸದಸ್ಯರು ಈ ಮಾತು ಎತ್ತಿದರು. ಗಂಡಸರ ನಡುವೆ ಅವರು ಆ ವಿಷಯ ಆಡಿದ್ದೇ ದೊಡ್ಡದು. ಆ ವರ್ಷ ಮೂಲೆ ಉಳಿಯಿತು. ಎರಡು ವರ್ಷದ ಮೇಲೆ ಆಕೆ ಬೇರೆ ಕಡೆ ಇದ್ದಾಗ ಅದನ್ನೂ ಕಡಿದರಂತೆ.

ಊರವರಿಂದಲೇ ಬಡವರು ಯಾರು ಎಂದು ಆರಿಸಲು ಹೇಳಿದ ದಿನ ಇನ್ನೊಂದು ಪಾಠವಾಯಿತು. ಸರ್ಕಾರದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ (ಐಆರ್‌ಡಿಪಿ) ಲೆಕ್ಕದಲ್ಲಿ ಆಗ ವರ್ಷಕ್ಕೆ 6,400 ರೂಪಾಯಿಗಿಂತ ಕಡಿಮೆ ವರಮಾನ ಇದ್ದವರು ಬಡವರು, ಎರಡು ಹೆಕ್ಟೇರಿನವರೆಗೆ ಇದ್ದವರು ಸಣ್ಣ ರೈತರು. ಪಾವಗಡದ ಮಣ್ಣಿನಲ್ಲಿ ಹನ್ನೆರಡು ಎಕರೆ ಖುಷ್ಕಿ ಇದ್ದವನೂ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಕಾಗದದ ಮೇಲೆ ಅವನು ದೊಡ್ಡ ರೈತ. ಮನೆಗೊಂದು ಚೀಟಿ ಬರೆದು, ಓದಿ ಹೇಳಿ, ಗುಂಪು ಮಾಡಿ ಎಂದಾಗ ಊರವರು ಎಕರೆಯ ಮಾತನ್ನೇ ಎತ್ತಲಿಲ್ಲ. ಆಷಾಢದಲ್ಲಿ ಮನೆಯಲ್ಲಿ ಸ್ವಂತ ರಾಗಿ ಇರುತ್ತದೋ ಇಲ್ಲವೋ? ದುಡಿಯುವ ಕೈ ಎಷ್ಟು? ರಾತ್ರಿ ಹೊತ್ತು ಕಷ್ಟ ಬಂದರೆ ಯಾರ ಬಾಗಿಲು ತಟ್ಟಬಹುದು? ಒಂದು ಚೀಟಿ ಮಾತ್ರ ಯಾವ ಗುಂಪಿಗೂ ಸೇರದೆ ಕೈಯಿಂದ ಕೈಗೆ ಸುತ್ತಿತು. ನಾಲ್ಕು ಎಕರೆ ಇದೆ, ಹೆಂಚಿನ ಮನೆ ಇದೆ, ಮಗ ದುಬೈಗೆ ಹೋಗಲು ಏಜೆಂಟನಿಗೆ ಕೊಟ್ಟ ಸಾಲವೂ ಇದೆ. ಕೊನೆಗೆ ಒಬ್ಬರು, "ಅವ್ರು ಬಡವ್ರಲ್ಲ, ಆಗ್ತಾ ಇದಾರೆ" ಅಂದರು. ಅಂಥ ಕಾಲಂ ಆಕೆ ಇವತ್ತಿನವರೆಗೂ ಎಲ್ಲೂ ನೋಡಿಲ್ಲ.

ಹಬ್ಬಗಳನ್ನು ಗುರುತಿಟ್ಟುಕೊಂಡು ವರ್ಷದ ಸಾಲದ ಏರಿಳಿತವನ್ನು ಕಡ್ಡಿಗಳಲ್ಲಿ ಜೋಡಿಸಿದಾಗ ಕಾರಹುಣ್ಣಿಮೆಯ ಆಸುಪಾಸಿನ ಕಡ್ಡಿ ಎಲ್ಲಕ್ಕಿಂತ ಉದ್ದ ಬಂತು. ಕಡಲೆಕಾಯಿ ಬೀಜ, ಶಾಲೆಯ ಶುಲ್ಕ, ಮಕ್ಕಳ ಬಟ್ಟೆ, ಎಲ್ಲ ಒಂದೇ ತಿಂಗಳಲ್ಲಿ. ಸಾಲ ಯಾವಾಗ ಬೇಕು ಎಂಬುದು 'ಇತರೆ'ಯೊಳಗಿನಿಂದ ಹೊರಬಂದದ್ದು ಹಾಗೆ. ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೆ ಎರಡು ರೂಪಾಯಿ ಹಾಕಿ ಗುಂಪು ಕಟ್ಟಿಕೊಂಡದ್ದು ಆ ಕಡ್ಡಿ ನೋಡಿದ ಮೇಲೆ. ಮೈರಾಡದ ಗುಂಪುಗಳು ಎಂಬತ್ತರ ದಶಕದ ನಡುವಿನಿಂದಲೇ ಆ ದಾರಿಯಲ್ಲಿ ನಡೆದಿದ್ದವು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರು ಮಾಡಿತು.

ಇಷ್ಟೆಲ್ಲ ಹೇಳಿದ ಮೇಲೆ ಆಕೆ ನಮೂನೆಯನ್ನು ಬೈಯುತ್ತಾಳೆ ಎಂದುಕೊಂಡರೆ ತಪ್ಪು. 'ಜನರಿಗೆ ಎಲ್ಲ ಗೊತ್ತಿದೆ, ಕೇಳುವುದಷ್ಟೇ ನಮ್ಮ ಕೆಲಸ' ಎಂಬ ಮಾತು ಆ ಕಾಲದ ತರಬೇತಿಗಳಲ್ಲಿ ಮಂತ್ರದ ಹಾಗೆ ಕೇಳಿಬರುತ್ತಿತ್ತು. ಆಕೆಗೆ ಅದು ರುಚಿಸುತ್ತಿರಲಿಲ್ಲ. ಆ ಹೆಂಗಸು ಮಗಳ ಬಾಯಿ ತೆರೆಸಿ ತೋರಿಸಿದ ಹಲ್ಲಿನ ಮೇಲೆ ಕಂದು ಗೀರುಗಳಿದ್ದವು. ಊರಲ್ಲಿ ನಲವತ್ತು ದಾಟಿದವರು ಬೆನ್ನು ಹಿಡಿದುಕೊಂಡೇ ಏಳುತ್ತಿದ್ದರು. ವಾಯು ಎನ್ನುತ್ತಿದ್ದರು, ದೇವರ ಶಾಪ ಎನ್ನುವವರೂ ಇದ್ದರು. ರಂಗೋಲಿ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಇದರ ಕಾರಣ ಸಿಗುವಂತಿರಲಿಲ್ಲ. ಪಂಪಿನ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದಾಗ ಸಿಕ್ಕಿತು: ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಇಲ್ಲಿ ದಾಟಿತ್ತು. ಬೋರು ಆಳಕ್ಕೆ ಇಳಿದಷ್ಟೂ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಸೇರುವ ಸಂಭವ ಹೆಚ್ಚು. ಬೇಳೆ ಬೇಯದ್ದಕ್ಕೆ ಗಡಸುತನ ಕಾರಣ, ಹಲ್ಲಿಗೆ ಇದು ಕಾರಣ. ಎರಡೂ ಒಂದೇ ಪಂಪಿನಿಂದ. ಆ ಹೆಂಗಸಿಗೆ ನೀರು ಸರಿಯಿಲ್ಲ ಎಂಬುದು ಗೊತ್ತಿತ್ತು, ಹಲ್ಲನ್ನೂ ನೀರನ್ನೂ ಅವಳೇ ಜೋಡಿಸಿ ಹೇಳಿದ್ದಳು. ಏನು ಸರಿಯಿಲ್ಲ ಎಂಬುದನ್ನು ಬಾಟಲಿ ಹೇಳಬೇಕಾಯಿತು.

ಊರಿಗೆ ಪಕ್ಕದ ತಾಲ್ಲೂಕು ಹೇಗಿದೆ ಎಂಬುದೂ ಗೊತ್ತಿರುವುದಿಲ್ಲ. ತನ್ನಲ್ಲಿ ಇಲ್ಲದ್ದು ಎಲ್ಲೂ ಇಲ್ಲ ಎಂದೇ ಅದರ ಭಾವನೆ. ಅದಕ್ಕೆ ಎತ್ತರದಿಂದ ನೋಡುವ ಕಣ್ಣೊಂದು ಬೇಕು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕವಾದ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ 2002ರ ಜೂನಿನಲ್ಲಿ ವರದಿ ಕೊಟ್ಟಿತು. ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ತೂಗಿ 114 ಹಿಂದುಳಿದಿವೆ ಎಂದಿತು: 39 ಅತ್ಯಂತ, 40 ಅತಿ, 35 ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು.  ದಕ್ಷಿಣದ ಹದಿಮೂರರಲ್ಲಿ ತುಮಕೂರು ಜಿಲ್ಲೆಯದೇ ಐದು. ಬೆಂಗಳೂರಿಗೆ ಹತ್ತಿರದ ಕುಣಿಗಲ್ ಕೂಡ ಅದರಲ್ಲಿತ್ತು. ಪಾವಗಡ ಇದ್ದೇ ಇತ್ತು. ಪತ್ರಿಕೆಯಲ್ಲಿ ಆ ಪಟ್ಟಿ ನೋಡಿದ ದಿನ ಆಕೆಗೆ ಸಮಾಧಾನವೂ ಆಯಿತು, ಸಣ್ಣ ಸಂಕಟವೂ ಆಯಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಶಿಫಾರಸಾಗಿದ್ದು ಇಂಥ ಸೂಚಕಗಳಿಂದಲೇ, ಹುಣಸೆ ಬೀಜದಿಂದ ಅಲ್ಲ. ಆದರೆ ತಾಲ್ಲೂಕಿನ ಮಟ್ಟಕ್ಕೆ ಇಳಿದ ಸೂಚಕಕ್ಕೆ ಕೆರೆಯಂಗಳದ ಒಂದು ಮೂಲೆ ಎಲ್ಲಿ ಕಾಣಬೇಕು?

ಇನ್ನೊಂದು ಕಡೆ, ಹುಣಸೆ ಬೀಜದ ಮರ್ಯಾದೆಯೂ ತೊಂಬತ್ತರ ದಶಕ ಕಳೆಯುವ ಹೊತ್ತಿಗೆ ಹೋಯಿತು. ಪಿಆರ್‌ಎ ಮಾಡಿದರೇ ಹಣ ಬಿಡುಗಡೆ ಎಂದಾದ ಮೇಲೆ ಒಂದೇ ದಿನಕ್ಕೆ ಮೂರು ಊರಿನ ನಕ್ಷೆ ಮುಗಿಸುವವರು ಹುಟ್ಟಿಕೊಂಡರು. ಒಂದೂರಲ್ಲಿ ಆಕೆ ಹೋಗುವಷ್ಟರಲ್ಲಿ ಶಾಲೆಯ ಮಕ್ಕಳು ರಂಗೋಲಿ ಬಿಟ್ಟು ಮುಗಿಸಿದ್ದರು, ಬಹಳ ಅಂದವಾಗಿತ್ತು. ಮೇಷ್ಟ್ರು ಫೋಟೋಗೆ ಜನರನ್ನು ಸುತ್ತ ನಿಲ್ಲಿಸುತ್ತಿದ್ದರು. ನಕ್ಷೆಯ ಗೆರೆ ಇನ್ನೊಂದು ಊರಿನದು, ಹಿಂದಿನ ವಾರ ಬಳಸಿದ್ದ ಚಾರ್ಟ್ ನೋಡಿ ಬಿಡಿಸಿದ್ದು.

ಆ ಮೊದಲ ಸರ್ವೆಯ ನಮೂನೆಗಳು ಏನಾದವು? ಸಂಸ್ಥೆಯ ಗೋದಾಮಿನಲ್ಲಿ ಗೆದ್ದಲು ತಿಂದು ಮುಗಿಸಿತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಮಾಡಿಕೊಂಡ ಟಿಪ್ಪಣಿಗಳನ್ನು ಆಧರಿಸಿ ಬರೆದಿಟ್ಟದ್ದೆಲ್ಲ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿತು. ನೆನಪಿನಿಂದಲೇ ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದು ಹೆಸರು ಮಾಡಿತು. ಆಕೆಗೆ ಅಂಥ ದೊಡ್ಡ ಬೆಂಕಿಯೂ ಇಲ್ಲ, ಅಂಥ ನೆನಪೂ ಇಲ್ಲ. ಅಂಕಿಗಳಲ್ಲಿ ಒಂದೂ ನೆನಪಿಲ್ಲ. ಸೌಟಿನ ಬೇಳೆ ಮಾತ್ರ ಇದೆ.

2019ರಲ್ಲಿ, ನಿವೃತ್ತಿಯ ಅಂಚಿನಲ್ಲಿ, ಆಕೆ ಮತ್ತೆ ಪಾವಗಡದ ಕಡೆ ಹೋದಳು. ತಿರುಮಣಿಯ ಸುತ್ತ ಐದು ಹಳ್ಳಿಗಳ 13,000 ಎಕರೆಯಲ್ಲಿ ಸೌರ ಫಲಕಗಳು ಹರಡಿಕೊಂಡಿದ್ದವು. ದೂರದಿಂದ ನೋಡಿದರೆ ಈ ಸೀಮೆ ಕಂಡೇ ಇರದ ದೊಡ್ಡ ಕೆರೆಯ ಹಾಗೆ. ಒಟ್ಟು 2,050 ಮೆಗಾವಾಟ್ ಸಾಮರ್ಥ್ಯದ ಯೋಜನೆ, 2018ರ ಮಾರ್ಚಿನಲ್ಲಿ ಉದ್ಘಾಟನೆ. ಇಲ್ಲಿ ಒಂದು ಕೆಲಸ ಚೆನ್ನಾಗಿ ಆಗಿತ್ತು. ಜಮೀನನ್ನು ಕಸಿದುಕೊಳ್ಳದೆ, ರೈತರನ್ನು ಕೂರಿಸಿ ಮಾತಾಡಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದಿದ್ದರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಕಡಲೆಕಾಯಿ ಕೈಕೊಟ್ಟು ಬೇಸತ್ತಿದ್ದವರಿಗೆ ಅದು ಮಳೆ ಕೇಳದ ಬೆಳೆ. ಆಕೆ ಅಭ್ಯಾಸಬಲದಿಂದ ಕೇರಿಯ ಕಡೆ ನಡೆದಳು. ಜಮೀನಿಲ್ಲದವರ ಹತ್ತಿರ ಗುತ್ತಿಗೆಯ ಮಾತು ಆಡಲು ಯಾರಿಗೂ ಕಾರಣವಿರಲಿಲ್ಲ. ಹೊಲ ಇಲ್ಲ, ಹೊಲದ ಕೂಲಿ ಇತ್ತು, ಅದೀಗ ಇಲ್ಲ. ಫಲಕದ ನಡುವೆ ಹುಲ್ಲು ಕೀಳುವ, ಧೂಳು ಒರೆಸುವ ಕೆಲಸ ಕೆಲವರಿಗೆ ಸಿಕ್ಕಿತ್ತು. ಕುರಿಯವರು ಬೇಲಿಯ ಹೊರಗೆ ಸುತ್ತು ಹಾಕುತ್ತಿದ್ದರು. ಎಷ್ಟು ಕುರಿ ಎಂದು ಈ ಸಲ ಆಕೆ ಕೇಳಲಿಲ್ಲ.

ಹಳೆಯ ಊರು ಆ ಐದರಲ್ಲಿ ಇರಲಿಲ್ಲ, ಒಂದಿಷ್ಟು ಈಚೆಗಿತ್ತು. ಪಂಪಿನ ಜಾಗದಲ್ಲಿ ಶುದ್ಧ ನೀರಿನ ಘಟಕ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತಿತ್ತು. ಸೌಟು ಹಿಡಿದ ಹೆಂಗಸು ತೀರಿಕೊಂಡಿದ್ದಳು. ರಸ್ತೆ ಬದಿಯ ಟೀ ಅಂಗಡಿಯವನು ಆಕೆಯನ್ನೇ ದಿಟ್ಟಿಸಿ ನೋಡಿ, "ನೀವು ಸರ್ವೆ ಅಕ್ಕ ಅಲ್ವಾ?" ಅಂದ. ನಲವತ್ತು ದಾಟಿದ ಗಂಡಸು, ಕಿವಿಯ ಹತ್ತಿರ ನರೆ.

ಆಕೆಗೆ ಮೂವತ್ತು ವರ್ಷದ ಪ್ರಶ್ನೆ ಬಾಯಿಗೆ ಬಂತು. "ಆವತ್ತು ಆ ಅಮ್ಮ ಅಷ್ಟೆಲ್ಲ ಹೇಳಿದ್ರಲ್ಲ, ನೀನು ಒಂದೇ ಮಾತಲ್ಲಿ ಐತಂತೆ ಅಂದುಬಿಟ್ಟೆ. ಯಾಕೋ?"

ಅವನಿಗೆ ಯಾವ ಅಮ್ಮ, ಯಾವ ಮನೆ, ಒಂದೂ ನೆನಪಿರಲಿಲ್ಲ. ಲೋಟ ತೊಳೆಯುತ್ತ ಸ್ವಲ್ಪ ಹೊತ್ತು ಯೋಚಿಸಿದ.

"ಬೇಗ ಮುಗೀಲಿ ಅಂತ ಇರ್ಬೇಕು ಅಕ್ಕಾ. ಸರ್ವೆ ಮುಗಿದ್ಮೇಲೆ ಲೂನಾ ಮೇಲೆ ಒಂದ್ ರೌಂಡ್ ಹಾಕಿಸ್ತೀನಿ ಅಂದಿದ್ರಿ." ಲೋಟ ಬೋರಲು ಹಾಕಿ ನಕ್ಕ. "ಹಾಕಿಸ್ಲೇ ಇಲ್ಲ."